ಸರ್ವೇ ಕೆಲಸದಿಂದ ಬಿಷಪ್ ಪದವಿಗೆ: ಬೆಂಗಳೂರಿನಲ್ಲಿ ಹುಟ್ಟಿದ ಓಲ್ಡಮ್

ಶಿವಮೊಗ್ಗದ ಹಳಬರಿಗೆ ಮೆಥೊಡಿಸ್ಟರೆಂದರೆ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ನೆನಪಾಗುವುದು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್. ಆದರೆ ವಿಲಿಯಂ ಫಿಟ್ಜ್‌ಜೇಮ್ಸ್ ಓಲ್ಡಮ್ ಅಮೆರಿಕದ ಮೆಥೊಡಿಸ್ಟ್ ಸಭೆಗೆ ಸೇರಿದವರು. ಹುಟ್ಟಿದ್ದು ಮಾತ್ರ 1854ರಲ್ಲಿ, ನಮ್ಮ ಬೆಂಗಳೂರಿನಲ್ಲಿ.

ಮೊದಲಿಗೆ ಅವರು ಸರ್ಕಾರಿ ಸರ್ವೇಯರ್ ಆಗಿದ್ದರು. (ಅಡಿಕೆ ತೋಟದ ಬಾಂದುಕಲ್ಲಿಗಾಗಿ ತಲೆಮಾರುಗಟ್ಟಲೆ ಕೋರ್ಟು ಹತ್ತುವ ಮಲೆನಾಡಿನವರಿಗೆ ಆ ಹುದ್ದೆಯ ತೂಕವನ್ನು ವಿವರಿಸಬೇಕಿಲ್ಲ.) ಪುಣೆಯಲ್ಲಿ ಮೆಥೊಡಿಸ್ಟ್ ಪ್ರವಚನಗಳ ಪ್ರಭಾವಕ್ಕೊಳಗಾಗಿ ಆ ಕೆಲಸ ತೊರೆದು, ಅಮೆರಿಕದಲ್ಲಿ ಓದಿ, 1885ರಲ್ಲಿ ಸಿಂಗಾಪುರ ತಲುಪಿದರು.

ಅಲ್ಲಿ ಚೀನೀ ವರ್ತಕರ ಚರ್ಚಾಕೂಟವೊಂದರಲ್ಲಿ ಅವರು ಮಾತನಾಡಿದ್ದು ಧರ್ಮದ ಬಗ್ಗೆ ಅಲ್ಲ, ಖಗೋಳ ವಿಜ್ಞಾನದ ಬಗ್ಗೆ. ಅದನ್ನು ಕೇಳಿದ ವರ್ತಕರೊಬ್ಬರು ತಮಗೆ ಇಂಗ್ಲಿಷ್ ಕಲಿಸುವಂತೆ ಕೋರಿದರು, ಆ ಪರಿಚಯವೇ ಬೆಳೆದು 1886ರ ಮಾರ್ಚ್ 1ರಂದು ಅಮೊಯ್ ಬೀದಿಯ ಅಂಗಡಿ ಮನೆಯೊಂದರಲ್ಲಿ 13 ಹುಡುಗರ ಆಂಗ್ಲೋ-ಚೈನೀಸ್ ಶಾಲೆಯಾಯಿತು. ಮತಬೋಧಕರೊಬ್ಬರು ನಕ್ಷತ್ರಗಳ ಮೂಲಕ ವಿಶ್ವಾಸ ಗಳಿಸಿದ ಈ ಜಾಣ್ಮೆ, ನನ್ನ ದೃಷ್ಟಿಯಲ್ಲಿ, ಅವರ ಮುಂದಿನ ಪದವಿಗಳಿಗಿಂತ ದೊಡ್ಡದು.

ಆರೋಗ್ಯ ಕೆಟ್ಟು ಕೆಲವೇ ವರ್ಷಗಳಲ್ಲಿ ಅವರು ಸಿಂಗಾಪುರ ಬಿಟ್ಟರು. 1904ರಲ್ಲಿ ದಕ್ಷಿಣ ಏಷ್ಯಾದ ಬಿಷಪ್ ಆದರು, 1916ರ ನಂತರ ದಕ್ಷಿಣ ಅಮೆರಿಕದಲ್ಲಿ ಸೇವೆ ಸಲ್ಲಿಸಿದರು, 1937ರಲ್ಲಿ ತೀರಿಕೊಂಡರು. ಅವರ ಶಾಲೆ ಇಂದು ಸಿಂಗಾಪುರದಲ್ಲಿ ಹಲವು ಶಾಖೆಗಳಾಗಿ ನಡೆಯುತ್ತಿದೆ.