ಹಳೇ ಎಲೆಕ್ಟ್ರಿಕ್ ಕಾರು ಅಗ್ಗಕ್ಕೆ ಸಿಗ್ತಿದೆ, ತಗೋಬಹುದಾ?

ಮೂರ್ನಾಲ್ಕು ವರ್ಷ ಓಡಿದ ಇವಿ ಮಾರಾಟಕ್ಕಿದೆ ಎಂದು ಕಂಡವರೆಲ್ಲ ಕೇಳುವ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: ‘ಇಷ್ಟು ಕಡಿಮೆಗೆ ಕೊಡ್ತಿದ್ದಾರೆ ಅಂದ್ರೆ ಬ್ಯಾಟರಿ ಹೋಗಿರ್ಬೇಕಲ್ವಾ?’

ತಗೊಳ್ಳಿ, ಆದರೆ ಎರಡು ಷರತ್ತು ಇಟ್ಟುಕೊಳ್ಳಿ. ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ನಿಮ್ಮದೇ ಆದ 16 ಆಂಪ್ ಸಾಕೆಟ್ ಇರಬೇಕು. ಬ್ಯಾಟರಿಯ ವಾರಂಟಿ ಇನ್ನೂ ಮೂರು ವರ್ಷವಾದರೂ ಉಳಿದಿದ್ದು, ನಿಮ್ಮ ಹೆಸರಿಗೆ ಬರುವಂತಿರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಕಾರು ಬೇಡ, ಬೆಲೆ ಎಷ್ಟೇ ಇಳಿದಿರಲಿ.

ಬೆಲೆ ಬೀಳಲು ಬ್ಯಾಟರಿಯೇ ಕಾರಣ ಎಂದುಕೊಳ್ಳಬೇಡಿ. ನಮ್ಮಲ್ಲಿ ಹೆಚ್ಚು ಕೈಬದಲಾಗುವ ನೆಕ್ಸಾನ್ ಇವಿಯನ್ನೇ ನೋಡಿ. 2020ರ ಜನವರಿಯಲ್ಲಿ ಬಂದಾಗ ಅದರ ಆರಂಭಿಕ ಎಕ್ಸ್-ಶೋರೂಂ ಬೆಲೆ 13.99 ಲಕ್ಷ, ಬ್ಯಾಟರಿ 30.2 ಯೂನಿಟ್. (ಕರೆಂಟ್ ಬಿಲ್ಲಿನ ಯೂನಿಟ್ಟೇ, ಒಂದು ಕಿಲೋವ್ಯಾಟ್ ಅವರ್.) 2022ರ ಮೇ ತಿಂಗಳಲ್ಲಿ 40.5 ಯೂನಿಟ್‌ನ ‘ಮ್ಯಾಕ್ಸ್’ ಬಂತು. 2024ರ ಫೆಬ್ರವರಿಯಲ್ಲಿ, ಸೆಲ್‌ಗಳ ಬೆಲೆ ಇಳಿದಿದೆ ಎಂದು ಹೇಳಿ ಟಾಟಾ ಕಂಪನಿ ಹೊಸ ನೆಕ್ಸಾನ್ ಇವಿಯ ದರವನ್ನು 1.20 ಲಕ್ಷದವರೆಗೆ, ಟಿಯಾಗೊ ಇವಿಯದನ್ನು 70 ಸಾವಿರದವರೆಗೆ ತಗ್ಗಿಸಿತು. ಹೊಸ ಕಾರು ಹೆಚ್ಚು ದೂರ ಓಡಿ, ದರವೂ ಇಳಿದರೆ ಹಳೆಯದರ ಬೆಲೆ ನಿಲ್ಲುವುದಾದರೂ ಹೇಗೆ? ಅದರ ಮೇಲೆ ಕೊಳ್ಳುವವರ ಭಯ ಬೇರೆ. ಪರೀಕ್ಷೆ ಮಾಡಲು ಗೊತ್ತಿದ್ದವರಿಗೆ ಈ ಭಯವೇ ಲಾಭ.

ಈಗ ಪರೀಕ್ಷೆ. ಮೀಟರ್ ಕನ್ಸೋಲ್‌ನಲ್ಲಿ ಕಾಣುವ ‘ಉಳಿದಿರುವ ಕಿ.ಮೀ.’ ನಂಬಬೇಡಿ, ಅದು ಹಿಂದಿನ ಓಡಾಟ ನೋಡಿ ಕಾರು ಮಾಡುವ ಅಂದಾಜು. ನಾಲ್ಕು ದಿನ ನಿಧಾನವಾಗಿ ಓಡಿಸಿದರೆ ತಾನೇ ಏರುತ್ತದೆ. ನಂಬಬೇಕಾದ್ದು ಬ್ಯಾಟರಿ ಎಷ್ಟು ಯೂನಿಟ್ ಕುಡಿಯುತ್ತದೆ ಎಂಬುದನ್ನು. ಕಾರನ್ನು ಮೊದಲು ನಿಧಾನ ಚಾರ್ಜಿಂಗ್‌ನಲ್ಲಿ ಪೂರ್ತಿ 100ಕ್ಕೆ ತುಂಬಿಸಿ. ನೆಕ್ಸಾನ್‌ನಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳಲ್ಲಿ ಈ ಹೆಜ್ಜೆ ಬಿಡುವಂತಿಲ್ಲ. ಅವುಗಳ ವೋಲ್ಟೇಜ್ ಚಾರ್ಜ್‌ನ ನಡುಭಾಗದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಇರುವುದರಿಂದ ಕಾರಿನ ಲೆಕ್ಕ ದಿನಗಳೆದಂತೆ ತಪ್ಪುತ್ತದೆ. 100 ಮುಟ್ಟಿದಾಗಲೇ ಸರಿಹೋಗುವುದು. ಆಮೇಲೆ 20ಕ್ಕೆ ಬರುವವರೆಗೆ ಓಡಿಸಿ. ಪುನಃ 16 ಆಂಪ್ ಸಾಕೆಟ್‌ಗೆ ಒಂದು ಎನರ್ಜಿ ಮೀಟರ್ ಕೂಡಿಸಿ 100 ಮಾಡಿ. 30.2 ಯೂನಿಟ್‌ನ ಹೊಸ ಪ್ಯಾಕ್‌ಗೆ ಈ ಶೇ 80 ತುಂಬಲು 24 ಯೂನಿಟ್ ಬೇಕು, ಚಾರ್ಜ್ ಆಗುವಾಗ ಶಾಖವಾಗಿ ಹೋಗುವ ಹತ್ತು–ಹನ್ನೆರಡು ಶೇಕಡಾ ಸೇರಿದರೆ ಮೀಟರ್ 27ರ ಆಸುಪಾಸು ತೋರಿಸಬೇಕು. 24 ತೋರಿಸಿದರೆ ಬ್ಯಾಟರಿಯಲ್ಲಿ ಶೇ 89ರಷ್ಟು ಉಳಿದಿದೆ, ನಾಲ್ಕೈದು ವರ್ಷದ ಕಾರಿಗೆ ಚಿಂತೆಯಿಲ್ಲ. 22ಕ್ಕಿಂತ ಕೆಳಗೆ ಬಂದರೆ ಶೇ 80ರ ಹತ್ತಿರಕ್ಕೆ ಇಳಿದಿದೆ ಎಂದರ್ಥ. ಬೆಲೆ ಇನ್ನಷ್ಟು ಇಳಿಸಿ, ಇಲ್ಲವೇ ಬಿಡಿ. 3.3 ಕಿಲೋವ್ಯಾಟ್‌ನಲ್ಲಿ ಎಂಟು ಗಂಟೆಗೂ ಮೀರಿ ಹಿಡಿಯುವ ಕೆಲಸ, ಒಂದು ರಾತ್ರಿ ಬೇಕು. ಮುಂಗಡ ಕೊಡುವಾಗಲೇ ‘ಈ ಪರೀಕ್ಷೆ ಆದ ಮೇಲೆ ಉಳಿದದ್ದು’ ಎಂದು ಮಾತಾಡಿಕೊಳ್ಳಿ. ಒಪ್ಪದ ಮಾರಾಟಗಾರರ ಕಾರು ಮುಟ್ಟದಿರುವುದೇ ಕ್ಷೇಮ.

ಒಟ್ಟು ಸಾಮರ್ಥ್ಯ ಚೆನ್ನಾಗಿದ್ದೂ ಒಂದು ಸೆಲ್ ಕೆಟ್ಟಿರಬಹುದು. 320 ವೋಲ್ಟ್‌ನ ಪ್ಯಾಕ್ ಆಗಬೇಕಾದರೆ 3.2 ವೋಲ್ಟ್‌ನ ನೂರು ಸೆಲ್ ಸಾಲಾಗಿ ಕೂರಬೇಕು. ಆ ಸಾಲಿನಲ್ಲಿ ಒಂದು ಬೇಗ ಬರಿದಾದರೂ ಬ್ಯಾಟರಿಯನ್ನು ಕಾಯುವ ಕಂಪ್ಯೂಟರ್ (ಬಿಎಂಎಸ್) ಇಡೀ ಪ್ಯಾಕನ್ನು ನಿಲ್ಲಿಸುತ್ತದೆ. ಶೇ 25 ಇದ್ದದ್ದು ಫ್ಲೈಓವರ್ ಹತ್ತುವಷ್ಟರಲ್ಲಿ ದಿಢೀರ್ 10ಕ್ಕೆ ಬೀಳುವುದು, ವೇಗ ತಾನೇ ಕುಗ್ಗುವುದು ಇದರ ಲಕ್ಷಣ. ಹಾಗಾಗಿ ಪರೀಕ್ಷೆಯ ಓಟವನ್ನು ಕೊನೆಗೆ 20ರ ಹತ್ತಿರ ಬಂದಾಗ ಏರು ರಸ್ತೆಯಲ್ಲಿ ಜೋರಾಗಿ ಮಾಡಿ. ಕಾರಿನ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಸಿಕ್ಕಿಸುವ ಬ್ಲೂಟೂತ್ ಒಬಿಡಿ ಡಾಂಗಲ್ ಮತ್ತು ಕಾರ್ ಸ್ಕ್ಯಾನರ್ ಆ್ಯಪ್ ಇದ್ದರೆ ಗರಿಷ್ಠ, ಕನಿಷ್ಠ ಸೆಲ್ ವೋಲ್ಟೇಜ್ ಕಣ್ಣಿಗೇ ಕಾಣುತ್ತದೆ. ಅರ್ಧ ಚಾರ್ಜ್‌ನಲ್ಲಿ ಕಾರು ನಿಂತಿರುವಾಗ ಎರಡರ ಅಂತರ 10–20 ಮಿಲಿವೋಲ್ಟ್ ಇದ್ದರೆ ಸರಿ. ಜೋರಾಗಿ ಎಳೆಯುವಾಗ ಪ್ರತಿ ಸಲವೂ ಅದೇ ಸೆಲ್ ನೂರಾರು ಮಿಲಿವೋಲ್ಟ್ ಕುಸಿದರೆ ಅನುಮಾನಪಡಿ. ಶೇ 98–100ರಲ್ಲಿ ಅಂತರ ದೊಡ್ಡದಾಗಿ ಕಂಡರೆ ಹೆದರಬೇಡಿ, ಎಲ್‌ಎಫ್‌ಪಿಯಲ್ಲಿ ತುದಿಯಲ್ಲಿ ಹಾಗಾಗುವುದು ಸಹಜ.

ಕಾರನ್ನು ರ‍್ಯಾಂಪ್ ಮೇಲೆ ಎತ್ತಿಸಿ ಅಡಿಭಾಗ ನೋಡಲೇಬೇಕು. ಬ್ಯಾಟರಿ ಇರುವುದೇ ಅಲ್ಲಿ, ನಮ್ಮ ರಸ್ತೆಗಳ ಹಂಪ್‌ಗಳು ಉಜ್ಜುವುದೂ ಅಲ್ಲೇ. ಕವಚದಲ್ಲಿ ತಗ್ಗು, ಬಿರುಕು ಇದ್ದರೆ ಹೊರಗಿನ ಪೆಟ್ಟು ಎಂದು ವಾರಂಟಿ ನಿರಾಕರಿಸಲು ಅದೇ ಕಾರಣವಾಗುತ್ತದೆ. ಮಳೆನೀರಲ್ಲಿ ಮುಳುಗಿದ ಕಾರು ಅಗ್ಗಕ್ಕೆ ಬರುವುದೂ ಉಂಟು. ಇನ್ಶೂರೆನ್ಸ್ ಕ್ಲೇಮ್ ದಾಖಲೆ ಕೇಳಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆ ಇದೆಯೇ ನೋಡಿ.

ಆ ನೆಕ್ಸಾನ್‌ನ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1.60 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. 2021ರ ಕಾರಾದರೆ 2029ರವರೆಗೆ. ಇತ್ತೀಚಿನ ಕೆಲವು ಕಾರುಗಳ ‘ಲೈಫ್‌ಟೈಮ್’ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ, ಎರಡನೆಯವರಿಗೆ ಮಿತಿ ಬೇರೆ. ಟ್ಯಾಕ್ಸಿಯಾಗಿ ಓಡಿದ್ದಕ್ಕೂ ಷರತ್ತು ಬೇರೆ ಇರಬಹುದು. ಹಸಿರು ಪ್ಲೇಟ್ ಮೇಲೆ ಹಳದಿ ಅಕ್ಷರ ಇದ್ದ ಕಾರೇ ಎಂದು ಆರ್‌ಸಿ ಇತಿಹಾಸದಲ್ಲಿ ನೋಡಿ. ಎಂಜಿ ಕಂಪನಿಯ ವಿಂಡ್ಸರ್‌ನಂಥ ಕಾರುಗಳನ್ನು ಬ್ಯಾಟರಿ ಬಾಡಿಗೆ ಯೋಜನೆಯಲ್ಲೂ ಮಾರಿದ್ದಾರೆ. ಅಂಥದ್ದಾದರೆ ಕಾರಿನ ಸಾಲಕ್ಕೊಂದು, ಬ್ಯಾಟರಿಗೊಂದು, ಎರಡೂ ಎನ್‌ಒಸಿ ಕೈಗೆ ಬರದೆ ಹಣ ಕೊಡಬೇಡಿ. ಸರ್ವಿಸ್ ಸೆಂಟರ್‌ಗೆ ಚಾಸಿ ನಂಬರ್ ಕೊಟ್ಟು, ಪ್ಯಾಕ್ ಬದಲಾಗಿದೆಯೇ, ಬಿಎಂಎಸ್ ಸಾಫ್ಟ್‌ವೇರ್ ಅಪ್‌ಡೇಟ್ ಆಗಿದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಕಾರಿನ ಚಾರ್ಜಿಂಗ್ ಸಾಕೆಟ್ ಈಗ ಎಲ್ಲೆಡೆ ಬಳಕೆಯಲ್ಲಿರುವ ಸಿಸಿಎಸ್2 ಮಾದರಿಯದಾಗಿರಲಿ. ಆರಂಭದ ಟಿಗೋರ್, ಇ-ವೆರಿಟೊ ಫ್ಲೀಟ್ ಕಾರುಗಳಲ್ಲಿ ಹಳೆಯ ಜಿಬಿ/ಟಿ ಮಾದರಿಯ ಸಾಕೆಟ್ ಇದೆ, ಅದಕ್ಕೆ ಹೆದ್ದಾರಿಯಲ್ಲಿ ಚಾರ್ಜರ್ ಹುಡುಕುವುದು ಕಷ್ಟ.

ದೂರದ ಲೆಕ್ಕ ಹೀಗೆ: 30.2 ಯೂನಿಟ್‌ನ ಕಾರಿಗೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಕೊಟ್ಟ ಅಂಕಿ 312 ಕಿ.ಮೀ. ಶೇ 88 ಉಳಿದಿದ್ದರೆ ಕೈಯಲ್ಲಿರುವುದು 26.5 ಯೂನಿಟ್. ಗಂಟೆಗೆ 90–100ರಲ್ಲಿ ಕಿಲೋಮೀಟರಿಗೆ 160 ವ್ಯಾಟ್ ಅವರ್ ಹಿಡಿದರೆ 165 ಕಿ.ಮೀ. ಬೆಂಗಳೂರಿನಿಂದ ಮೈಸೂರು ಮುಟ್ಟುತ್ತೀರಿ, ಆದರೆ ಅಲ್ಲಿ ಚಾರ್ಜ್ ಮಾಡದೆ ವಾಪಸ್ ಹೊರಡಲಾಗದು. ಊರೊಳಗಿನ ಓಡಾಟಕ್ಕೆ ಇದು ಧಾರಾಳ.

ಮನೆಯ ಸಾಕೆಟ್‌ಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಹೊರೆ ಹೆಚ್ಚಾದರೆ ಕಡಿತವಾಗುವ 20 ಆಂಪ್ ಎಂಸಿಬಿ, ಕರೆಂಟ್ ಸೋರಿದರೆ ಕಡಿತವಾಗುವ 30 ಮಿಲಿಆಂಪ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಬೇಕು. ಎಂಟು ತಾಸು ಎಡೆಬಿಡದೆ 15 ಆಂಪ್ ಹರಿಯುವುದರಿಂದ ಗೀಸರ್‌ಗೆ ತಾಳಿದ ಸಾಕೆಟ್ ಇಲ್ಲಿ ಕರಗಬಹುದು. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಎರಡು ಮೂರಕ್ಕಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥ್ ಪಿಟ್ ಸರಿಮಾಡಿಸಿ. ‘ಚಾರ್ಜ್ ಆಗ್ತಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟು ಇದರಿಂದಲೇ ಹುಟ್ಟುವುದು. ಗೃಹಜ್ಯೋತಿ ಮನೆಗಳವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಗೋಡೆಯ ಮೀಟರ್‌ನಲ್ಲಿ 150–170 ಯೂನಿಟ್ ಏರುತ್ತದೆ. ಒಟ್ಟು 200 ದಾಟಿದ ತಿಂಗಳು ಇಡೀ ಬಿಲ್ ನಿಮ್ಮದೇ.

ಡೀಲರ್ ಮೂಲಕ ಕೊಂಡರೆ 18% ಜಿಎಸ್‌ಟಿ ಬೀಳುವುದು ಅವರ ಮಾರ್ಜಿನ್ ಮೇಲೆ ಮಾತ್ರ, ಇಡೀ ಬೆಲೆಯ ಮೇಲೆ ಎಂದರೆ ಒಪ್ಪಬೇಡಿ. ಕಾರು ಕೈಗೆ ಬಂದ ದಿನವೇ ಕನೆಕ್ಟೆಡ್ ಆ್ಯಪ್‌ನಿಂದ ಹಳೆಯ ಮಾಲೀಕರ ಖಾತೆ ತೆಗೆಸಿ, ಇಲ್ಲದಿದ್ದರೆ ಕಾರು ಎಲ್ಲಿದೆ ಎಂಬುದು ಅವರ ಫೋನ್‌ನಲ್ಲಿ ಕಾಣುತ್ತಲೇ ಇರುತ್ತದೆ. ಬಾನೆಟ್ ಕೆಳಗಿನ 12 ವೋಲ್ಟ್‌ನ ಪುಟ್ಟ ಬ್ಯಾಟರಿ ನಾಲ್ಕು ವರ್ಷ ದಾಟಿದ್ದರೆ ಕಾಯದೆ ಬದಲಿಸಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಆನ್ ಆಗುವುದಿಲ್ಲ.