ಅಪ್ಪನ ಟಿಲ್ಟ್ ಟೆಸ್ಟ್

14 ಆಗಸ್ಟ್ 2024, ಬುಧವಾರ

ಅವತ್ತು ಮನೆಯಲ್ಲಿ ಅಪ್ಪ ಯಾಕೆ ಮೂರ್ಛೆ ಹೋಗಿ ಬಿದ್ದರು ಅಂತ ಹುಡುಕೋಕೆ ಇವತ್ತು ಟಿಲ್ಟ್ ಟೆಸ್ಟ್: ಮಂಚಕ್ಕೆ ಕಟ್ಟಿ ಎತ್ತಿ ನಿಲ್ಲಿಸಿ, ಬಿಪಿ ಕುಸಿದು ಮೂರ್ಛೆ ಬರುತ್ತದಾ ಅಂತ ನೋಡುವುದು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು. ಕಾಫಿ ಇಲ್ಲದ್ದಕ್ಕೇ ತಲೆ ಸುತ್ತುತ್ತಿದೆ ಅಂತ ಅಪ್ಪ ದಾರಿಯುದ್ದಕ್ಕೂ ಗೊಣಗಿದರು.

ಟಿಲ್ಟ್ ಟೇಬಲ್ ನೋಡೋಕೆ ಎಕ್ಸ್‌ರೇ ಮಂಚದ ಹಾಗೇ ಇದೆ. ಎದೆಗೆ, ಮೊಣಕಾಲಿಗೆ ಬೆಲ್ಟ್. ಪಾದ ಊರಲು ಹಲಗೆ. ಮಲಗಿಸಿ, ಆಮೇಲೆ 60 ಡಿಗ್ರಿಗೆ ಎತ್ತಿ ನಿಲ್ಲಿಸಿದರು. ಕಾಲು ಅಲುಗಿಸಬಾರದಂತೆ. ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕೆಳಗಿಳಿಯುತ್ತದೆ, ಮೀನಖಂಡ ಬಿಗಿದರೆ ಅದು ಮೇಲೆ ಬಂದುಬಿಡುತ್ತದೆ. 20 ನಿಮಿಷ ಏನೂ ಆಗಲಿಲ್ಲ. ನಾಲಿಗೆ ಕೆಳಗೆ, ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಸ್ಪ್ರೇ ಹೊಡೆದರು. ಸ್ವಲ್ಪ ಹೊತ್ತಿಗೆ ಆಕಳಿಕೆ, ಬಿಳಿಚಿದ ತುಟಿ, ಮೀಸೆಯ ಮೇಲೆ ಬೆವರು. "ಯಾಕೋ ಹೊಟ್ಟೆ ತೊಳಸ್ತಾ..." ಅಷ್ಟರಲ್ಲಿ ಕುತ್ತಿಗೆ ವಾಲಿತು. ಮಂಚ ಇಳಿಸಿದ ಕೂಡಲೇ ಕಣ್ಣು ಬಿಟ್ಟು, "ಮುಗೀತಾ?" ಅಂದರು.

ರಿಪೋರ್ಟ್ ಪಾಸಿಟಿವ್, ಅಂದರೆ ಬಿಪಿ ಕುಸಿದು ಮೂರ್ಛೆ ಬಂತು. ಇದಕ್ಕೂ ಮೊದಲು ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಹೋಲ್ಟರ್ (ದಿನವಿಡೀ ಮೈಗೆ ಕಟ್ಟಿಕೊಳ್ಳುವ ಇಸಿಜಿ) ಎಲ್ಲ ನಾರ್ಮಲ್ ಅಂತಲೇ ಬಂದಿದ್ದವು. ಅಂತೂ ಸಿಕ್ತಲ್ಲ ಅಂತ ನನಗೆ ಒಳಗೊಳಗೇ ಖುಷಿ. ಡಾಕ್ಟರ್ ಮಾತ್ರ ಕಾಗದ ಬದಿಗಿಟ್ಟು, ಇವತ್ತು ಆದ ಹಾಗೇ ಅವತ್ತೂ ಆಗಿತ್ತಾ ಅಂತ ಕೇಳಿದರು. ಇಲ್ಲ ಅಂತ ಅಪ್ಪ ತಲೆ ಅಲ್ಲಾಡಿಸಿದರು. ಅಮ್ಮ ಬಾಯಿ ಹಾಕಿದಳು: "ಕುರ್ಚೀಲಿ ಕೂತು ಹುರುಳಿಕಾಯಿ ನಾರು ತೆಗೀತಿದ್ರು. ಬೆವರಿಲ್ಲ, ಸುಸ್ತಿಲ್ಲ, ಹಾಗೇ ಪಕ್ಕಕ್ಕೆ ಉರುಳಿದ್ರು. ಕಾಯಿ ಕೈಯಲ್ಲೇ ಇತ್ತು." ಡಾಕ್ಟರ್ ಬರೆದುಕೊಂಡದ್ದು ಅದನ್ನೇ.

ರಾತ್ರಿ ಕೂತು ಓದಿದೆ. 1986ರಲ್ಲಿ ಲಂಡನ್ನಿನಲ್ಲಿ ರೋಸ್ ಆನ್ ಕೆನಿ ಮತ್ತು ಸಂಗಡಿಗರು ಕಾರಣ ಸಿಗದೆ ಮೂರ್ಛೆ ಹೋಗುತ್ತಿದ್ದ 15 ಜನರನ್ನು ಹೀಗೇ ನಿಲ್ಲಿಸಿದ್ದರು. 10 ಜನ ಬಿದ್ದರು. ಆರೋಗ್ಯವಾಗಿದ್ದ 10 ಜನರಲ್ಲಿ ಒಬ್ಬರೇ. ಆಗ ಎಷ್ಟು ಭರವಸೆ ಹುಟ್ಟಿಸಿರಬೇಕು! ಆದರೆ ಯುರೋಪಿನ ಹೃದ್ರೋಗ ತಜ್ಞರ 2018ರ ಮಾರ್ಗಸೂಚಿ ನೋಡಿದರೆ, ರಕ್ತ ಕಂಡು, ಹೆದರಿ ಬೀಳುವವರಲ್ಲಿ ನೂರಕ್ಕೆ 90ರಷ್ಟು ಜನಕ್ಕೆ ಪಾಸಿಟಿವ್ ಬರುತ್ತದೆ. ಅವರ ಕಾಯಿಲೆ ಹೇಳೋಕೆ ಟೆಸ್ಟೇ ಬೇಕಿಲ್ಲ. ನಿಜಕ್ಕೂ ಕಾರಣ ಗೊತ್ತಿಲ್ಲದವರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ. ಹೃದಯದ ಲಯ ತಪ್ಪಿ ಬೀಳುವವರಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ಪಾಸಿಟಿವ್! ಆ ಸಾಲನ್ನು ಎರಡು ಸಲ ಓದಿದೆ. ಅಂದರೆ ಅಪ್ಪನ ಬಿಪಿ ಕುಸಿಯುವ ಗುಣದ್ದು, ಅಷ್ಟೇ. ಅವತ್ತು ಬೀಳಿಸಿದ್ದೂ ಅದೇನಾ ಅಂತ ಮಂಚಕ್ಕೇನು ಗೊತ್ತು? ನೆಗೆಟಿವ್ ಬಂದಿದ್ದರೂ ನಿಶ್ಚಿಂತೆ ಇರಲಿಲ್ಲ: 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಾಸಿಟಿವ್ ಗುಂಪಿನಲ್ಲೂ ನೆಗೆಟಿವ್ ಗುಂಪಿನಲ್ಲೂ ಮತ್ತೆ ಬಿದ್ದವರು ಶೇ 34.

ಮುಂದಿನ ವಾರ ಎದೆಯ ಚರ್ಮದಡಿ ಲೂಪ್ ರೆಕಾರ್ಡರ್ ಕೂರಿಸ್ತಾರೆ. ಮತ್ತೆ ಬಿದ್ದರೆ ಆ ಕ್ಷಣದ ಇಸಿಜಿ ಅದರಲ್ಲಿ ಇರುತ್ತದೆ. "ಎದೆಯೊಳಗೆ ಸಿಸಿಟಿವಿನಾ?" ಅಂದರು ಅಪ್ಪ. ಸ್ಕೂಟರ್ ಕೀ ಅಮ್ಮನ ಡಬ್ಬಿ ಸೇರಿದೆ.

ನಾಳೆ ಪಾರ್ಕಿನಲ್ಲಿ ಧ್ವಜಾರೋಹಣ. ತುಂಬ ಹೊತ್ತು ನಿಲ್ಲೋದು ಬೇಡ, ಕುರ್ಚಿ ಹಾಕಿಸ್ತೀನಿ ಅಂದೆ.

"ಕುರ್ಚೀಲಿ ಕೂತೇ ಅಲ್ವೇನೋ ಬಿದ್ದಿದ್ದು?" ಅಂದಳು ಅಮ್ಮ.