ಬೆರಕೆ ಸ್ಲ್ಯಾಬ್ ಶುರುವಾಗುವುದು ಎಲ್ಲಿಂದ?

ನಮ್ಮಲ್ಲಿ ಕರಗಿದ ಉಕ್ಕನ್ನು ಎಡೆಬಿಡದೆ ಎರೆದು ಸ್ಲ್ಯಾಬ್, ಅಂದರೆ ದಪ್ಪ ಹಲಗೆ, ಮಾಡುತ್ತೇವೆ. ಈ ಕ್ಯಾಸ್ಟಿಂಗ್ ನಿಲ್ಲಿಸದೆ ಒಂದು ಗ್ರೇಡ್ ಉಕ್ಕಿನ ಹಿಂದೆಯೇ ಇನ್ನೊಂದು ಗ್ರೇಡಿನ ಲ್ಯಾಡಲ್ (ಕರಗಿದ ಉಕ್ಕು ತರುವ ದೊಡ್ಡ ಪಾತ್ರೆ) ತೆರೆಯುತ್ತೇವೆ. ನಡುವೆ ಒಂದಷ್ಟು ಸ್ಲ್ಯಾಬ್ ಬೆರಕೆಯಾಗಿಯೇ ಬರುತ್ತದೆ. ಅದು ಎಲ್ಲಿಂದ ಎಲ್ಲಿವರೆಗೆ ಅಂತ ಹೇಳುವ ಮಾಡೆಲ್ ಬರೆಯುವ ಕೆಲಸ ನನಗೆ ಬಿದ್ದಿತ್ತು.

ಲ್ಯಾಡಲ್‌ನಿಂದ ಉಕ್ಕು ಮೊದಲು ಟಂಡಿಶ್ ಎಂಬ ತೊಟ್ಟಿಗೆ ಬಿದ್ದು, ಅಲ್ಲಿಂದ ಮೋಲ್ಡಿಗೆ, ಅಂದರೆ ಅದು ಗಟ್ಟಿಯಾಗಲು ಶುರುವಾಗುವ ಅಚ್ಚಿಗೆ, ಇಳಿಯುತ್ತದೆ. ಮೊದಲು ಟಂಡಿಶ್ ಒಂದನ್ನೇ ಲೆಕ್ಕಕ್ಕೆ ತಗೊಂಡೆ. ಅದರಲ್ಲಿ 30 ಟನ್ ಹಳೇ ಉಕ್ಕಿದೆ, ನಿಮಿಷಕ್ಕೆ 3 ಟನ್ ಕೆಳಗಿಳಿಯುತ್ತಿದೆ ಅಂದುಕೊಳ್ಳಿ. ಬಿದ್ದದ್ದೆಲ್ಲ ತಕ್ಷಣ ಬೆರೆಯುತ್ತದೆ ಅಂತ ಹಿಡಿದರೆ, 10 ನಿಮಿಷದ ನಂತರವೂ ಹೊರಬರುವ ಉಕ್ಕಿನಲ್ಲಿ ಹೊಸದು 63% ಮಾತ್ರ. 95% ಮುಟ್ಟಲು 30 ನಿಮಿಷ, ಅಂದರೆ 90 ಟನ್ ಬೇಕು. ಅದೇ ಟಂಡಿಶನ್ನು 10 ಟನ್‌ಗೆ ಇಳಿಸಿ, ಆಮೇಲೆ ಹೊಸ ಲ್ಯಾಡಲ್‌ನಿಂದ ಬೇಗ ತುಂಬಿಸಿದರೆ ಸುಮಾರು 57 ಟನ್ ಸಾಕು. ಇನ್ನೂ ಇಳಿಸಬಹುದಲ್ವಾ ಅನ್ನಿಸುತ್ತದೆ. ಆದರೆ ಮಟ್ಟ ತೀರಾ ತಗ್ಗಿದರೆ ಸುಳಿ ಎದ್ದು ಮೇಲೆ ತೇಲುವ ಸ್ಲ್ಯಾಗ್ (ಕಿಟ್ಟ) ಮೋಲ್ಡಿಗೆ ಇಳಿಯುತ್ತದೆ.

ಸ್ಲ್ಯಾಬಿನ ಮೇಲ್ಮೈಯಿಂದ ತೆಗೆದ ಸ್ಯಾಂಪಲ್‌ಗಳಿಗೆ ಮಾಡೆಲ್ ಚೆನ್ನಾಗಿ ಹೊಂದಿತು. ನಾನು ಅಷ್ಟಕ್ಕೇ ನಂಬಿಬಿಟ್ಟೆ. ಲ್ಯಾಡಲ್ ತೆರೆದಾಗ ಮೋಲ್ಡಿನಲ್ಲಿದ್ದ ಜಾಗವೇ ಸೊನ್ನೆ ಗುರುತು. ಅದಕ್ಕಿಂತ ಮುಂಚೆ ಬಂದದ್ದೆಲ್ಲ ಹಳೇ ಗ್ರೇಡ್ ಅಂತ ಬರೆದೆ.

"ಒಂದ್ಸಲ ನಡುವೆಯೂ ಡ್ರಿಲ್ ಮಾಡಿ ನೋಡಿ" ಅಂದವರು ಕಟ್ಟಿಂಗ್ ಕಡೆಯ ಹಿರಿಯರೊಬ್ಬರು. ಗುರುತಿಗಿಂತ ಮುಂಚಿನ ಸ್ಲ್ಯಾಬನ್ನೇ ಆರಿಸಿದೆವು. ಹಳೇ ಗ್ರೇಡಿನಲ್ಲಿ ನಿಕ್ಕಲ್ ಇದ್ದದ್ದು ಹೆಸರಿಗಷ್ಟೇ. ಮೇಲ್ಮೈಯ ಚೂರುಗಳಲ್ಲೂ ಹಾಗೇ ಇತ್ತು. ಕತ್ತರಿಸಿದ ಮುಖದ ಮಧ್ಯದಿಂದ ಬಂದ ಚೂರುಗಳಲ್ಲಿ ಮಾತ್ರ ಹೊಸ ಗ್ರೇಡಿನ ನಿಕ್ಕಲ್ ಎದ್ದು ಕಂಡಿತು. ಕಾರ್ಬನ್ ಆಗಿದ್ದರೆ ನಾನು ಅನುಮಾನಪಡುತ್ತಿದ್ದೆ, ಅದು ಗಟ್ಟಿಯಾಗುವಾಗ ತಾನಾಗಿಯೇ ನಡುವೆ ಜಾಸ್ತಿ ಸೇರುತ್ತದೆ. ನಿಕ್ಕಲ್ ಅಷ್ಟು ಸರಿದಾಡುವುದಿಲ್ಲ.

ಕಾರಣ ಕಣ್ಣೆದುರೇ ಇತ್ತು. ಮೋಲ್ಡ್ ದಾಟಿದ ಸ್ಲ್ಯಾಬ್ ಹೊರಗೆ ಮಾತ್ರ ಗಟ್ಟಿ. ಒಳಗೆ ಹಲವು ಮೀಟರ್‌ವರೆಗೆ ಇನ್ನೂ ದ್ರವವೇ. ಟಂಡಿಶ್‌ನಿಂದ ಮೋಲ್ಡಿಗೆ ಇಳಿಸುವ ಕೊಳವೆಯಿಂದ (ನಾಝಲ್) ರಭಸವಾಗಿ ಬರುವ ಹೊಸ ಉಕ್ಕು ಆ ದ್ರವದೊಳಗೆ ಇಳಿದು, ಈಗಾಗಲೇ ಮುಂದೆ ಹೋದ ಸ್ಲ್ಯಾಬಿನ ಹೊಟ್ಟೆ ಸೇರುತ್ತದೆ. ಮೇಲ್ಮೈ ಮಾತ್ರ ಮೋಲ್ಡಿನಲ್ಲೇ ಗಟ್ಟಿಯಾಗುವುದರಿಂದ ಹೊಸ ಗ್ರೇಡಿಗೆ ತಡವಾಗಿ ತಿರುಗುತ್ತದೆ.

ಹಾಗಾಗಿ ಮಾಡೆಲ್‌ಗೆ ಸ್ಟ್ರ್ಯಾಂಡಿನ, ಅಂದರೆ ಮೋಲ್ಡಿನಿಂದ ಹೊರಬರುತ್ತಿರುವ ಸ್ಲ್ಯಾಬಿನ, ಭಾಗವನ್ನೂ ಸೇರಿಸಿದೆ. ಈಗ ಬೆರಕೆಯ ಶುರುವನ್ನು ನಡುಭಾಗದ ಲೆಕ್ಕದಿಂದ ತೆಗೆಯುತ್ತೇವೆ, ಕೊನೆಯನ್ನು ಮೇಲ್ಮೈಯ ಲೆಕ್ಕದಿಂದ. ಮೊದಲ ಕಟ್ಟಿಂಗ್ ಗುರುತು ಲ್ಯಾಡಲ್ ತೆರೆದ ಜಾಗಕ್ಕಿಂತ ಮುಂಚೆಯೇ ಬೀಳುತ್ತದೆ. ಹೊಸ ಗ್ರೇಡ್ ಜೋಡಿ ಬಂದಾಗಲೆಲ್ಲ ಮೇಲ್ಮೈ, ಕಾಲು ದಪ್ಪ, ಮಧ್ಯ, ಮೂರೂ ಕಡೆ ಡ್ರಿಲ್ ಮಾಡಿಸುತ್ತೇನೆ.